ಕತ್ತೆ ಹೊತ್ತ ಕನ್ನಡಿ

ಗಯಾಸುದ್ದೀನ್ ತೀರಿಕೊಂಡು ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಇನ್ನೂ ಆಗಿರಲಿಲ್ಲ. ಅಷ್ಟರಲ್ಲಿ ಅವನ ಹೆಸರಿಗೆ ಜಪಾನಿನಿಂದ ಕಾಗದ ಬಂತು. ಬಸವಕಲ್ಯಾಣದಿಂದ ಹುಮನಾಬಾದಕ್ಕೆ ಬರುವ ಬೆಳಗಿನ ಬಸ್ಸಿನ ಕಂಡಕ್ಟರ್ ಪ್ರೆಸ್ಸಿನ ಬಾಗಿಲಲ್ಲಿ ನಿಂತು, “ಬಂಡೆಪ್ಪಾ, ಕಾತಿಬ್ ಸಾಹೇಬರ ಮಗಳು ನಿನ್ನ ಕರದಾಳ. ಜಪಾನದ ಕಾಗದ ಬಂದದಂತ,” ಎಂದು ಕೂಗಿ ಹೇಳಿ ಹೋದ.

ಬಂಡೆಪ್ಪ ಕೈಯಲ್ಲಿದ್ದ ಸಾಲನ್ನು ಮುಗಿಸಿದ. ಹುಡಗಿ ಎಂಬ ಊರಿನ ಒಂದು ಮನೆತನದ ಮದುವೆ ಪತ್ರಿಕೆ ಅದು. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ, ವರನ ಹೆಸರು ಸರಿಯಿದೆಯೇ ಎಂದು ಮೂಲ ನೋಡಿ, ನಂಬಿಕೆ ಸಾಲದೆ ಮತ್ತೊಮ್ಮೆ ನೋಡಿ, ಆಮೇಲೆ ಕೆಳಗಿಟ್ಟ. ಕಾಗದದ ಸುದ್ದಿ ಕೇಳಿ ಅವನಿಗೆ ಏನೂ ಅನ್ನಿಸಲಿಲ್ಲ. ಈ ಒಂದು ತಿಂಗಳಿನಿಂದ ಹಾಗೆಯೇ ಇತ್ತು. ಖಬರಸ್ಥಾನದಲ್ಲಿ ಎಲ್ಲರ ಜೊತೆ ಮಣ್ಣು ಹಾಕಿದ್ದ, ಬಸ್ಸು ಹಿಡಿದು ಊರಿಗೆ ಬಂದು ರೊಟ್ಟಿ ಉಂಡಿದ್ದ, ಮರುದಿನ ಕೆಲಸಕ್ಕೆ ಬಂದಿದ್ದ. ಅಳು ಬರಬಹುದೆಂದು ಕೆಲವು ದಿನ ಕಾದ. ಬರಲಿಲ್ಲ. ತನ್ನಲ್ಲೇ ಏನೋ ಕೊರತೆ ಇರಬೇಕು ಎಂದುಕೊಂಡು ಕಾಯುವುದನ್ನು ಬಿಟ್ಟ.

ಇದು ೧೯೮೫ರ ಮಾತು. ಬಂಡೆಪ್ಪ ಹುಮನಾಬಾದದ ಆ ಸಣ್ಣ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕೆಲಸದವನು. ಹಗಲು ದುಡಿದು, ಸಂಜೆ ರಾತ್ರಿಶಾಲೆಗೆ ಹೋಗಿ, ಮೀಸೆ ಬಂದ ಮೇಲೆ ಹತ್ತನೆಯ ತರಗತಿ ಪಾಸಾದವನು. ತಾನು ಮಾಡಿದ ಯಾವ ಕೆಲಸದ ಮೇಲೂ ಅವನಿಗೆ ಭರವಸೆ ಇರುತ್ತಿರಲಿಲ್ಲ. ಆದರೆ ರಾತ್ರಿಶಾಲೆಯ ಮಾಸ್ತರರು ಹೇಳಿಕೊಟ್ಟದ್ದರ ಮೇಲೆ ಮಾತ್ರ ಒಂದು ದಿನವೂ ಸಂಶಯ ಬಂದಿರಲಿಲ್ಲ.

ಗಯಾಸುದ್ದೀನ್ ಬಸವಕಲ್ಯಾಣದ ಕಾತಿಬ್. ಉರ್ದು ಬರಹವನ್ನು ಬಿದಿರಿನ ಕಲಮಿನಿಂದ ಕಲ್ಲಚ್ಚಿಗೆ ಬರೆದುಕೊಡುವುದು ಅವನ ಮನೆತನದ ಕಸುಬು. ಐವತ್ತಾರರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯ ಕಾಗದವೆಲ್ಲ ಕನ್ನಡವಾಯಿತು. ಕಲ್ಲಚ್ಚಿನ ಪ್ರೆಸ್ಸು ಬಾಗಿಲು ಹಾಕಿತು. ಅವನು ಬ್ರಷ್ಷು ಹಿಡಿದು ಅಂಗಡಿಗಳ ಬೋರ್ಡು ಬರೆಯತೊಡಗಿದ. ಕನ್ನಡ, ಮರಾಠಿ ಅಕ್ಷರಗಳ ಆಕಾರವನ್ನು ಅವನಿಗೆ ತಿದ್ದಿಸಿದವನು ಬಂಡೆಪ್ಪ. ಸ್ನೇಹ ಅಲ್ಲಿಂದ ಶುರುವಾಗಿತ್ತು.

ಮಧ್ಯಾಹ್ನ ಬಂಡೆಪ್ಪ ರಜೆ ಕೇಳಿ ಬಸ್ಸು ಹತ್ತಿದ. ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹೆದ್ದಾರಿ ಬಿಟ್ಟು ಕಲ್ಯಾಣದ ಕಡೆಗೆ ತಿರುಗುವಾಗ ಅವನು ಯಾವಾಗಲೂ ಕಿಟಕಿಯಾಚೆ ನೋಡುತ್ತಿದ್ದ. ಅಲ್ಲಿನ ಸೈಕಲ್ ಅಂಗಡಿಯ ಬೋರ್ಡು ಗಯಾಸುದ್ದೀನನದು. ಅಂದೂ ನೋಡಿದ. ಬೋರ್ಡು ಇತ್ತು.

“ಬರ್ರಿ ಕಾಕಾ, ಕೂಡ್ರಿ,” ಎಂದಳು ಕರೀಮಾ. ಗಯಾಸುದ್ದೀನನ ಒಬ್ಬಳೇ ಮಗಳು, ಉರ್ದು ಶಾಲೆಯ ಟೀಚರು. “ಅಮ್ಮಿ ಒಳಗ ಕುಂತಾರ. ಅಲ್ಲಿಂದನ ಮಾತಾಡ್ತಾರ.”

ಅವಳ ತಾಯಿ ಸರ್ವರಿ ಇದ್ದತ್‌ನಲ್ಲಿದ್ದಳು. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಪರಪುರುಷರ ಮುಂದೆ ಬರುವಂತಿಲ್ಲ. ಇಷ್ಟು ವರ್ಷ ಕೈಯಾರೆ ಚಹಾ ಕೊಟ್ಟವಳು ಈಗ ಒಳಬಾಗಿಲಿನ ಪರದೆಯ ಹಿಂದಿದ್ದಳು.

“ಬಂಡೆಪ್ಪ ಭಾಯಿ, ಊಟ ಮಾಡಿ ಬಂದೀರೇನು?” ಎಂದಿತು ಪರದೆ.

“ಆಗ್ಯದ್ರಿ ಭಾಬಿ.”

“ಖೋಟಾ ಮಾತು. ಊಟದ ಹೊತ್ತಿಗಿ ಬಸ್ಸಿನಾಗ ಇದ್ದವರು ಊಟ ಎಲ್ಲಿ ಮಾಡಿದ್ರಿ? ಕರೀಮಾ, ತಾಟ ಹಚ್ಚು.”

ಅವನು ಉಣ್ಣುತ್ತಿರುವಾಗ ಕರೀಮಾ ಕಾಗದ ಬಿಚ್ಚಿದಳು. ಬರೆದವಳು ಕಜುಯೋ ಎಂಬ ಟೋಕಿಯೊದ ಹೆಣ್ಣುಮಗಳು. ಗಯಾಸುದ್ದೀನ್ ರೇಡಿಯೊದಲ್ಲಿ ಟೋಕಿಯೊದಿಂದ ಬರುವ ಉರ್ದು ಪ್ರಸಾರ ಕೇಳುತ್ತಿದ್ದ, ಅವರಿಗೆ ಕಾರ್ಡು ಬರೆಯುತ್ತಿದ್ದ. ಅಲ್ಲಿ ಉರ್ದು ಕಲಿಯುತ್ತಿದ್ದ ಈಕೆ ಅವನ ಅಕ್ಷರಕ್ಕೆ ಮರುಳಾಗಿ ಕಾಗದ ಬರೆಯಲು ಶುರುಮಾಡಿದ್ದಳು. ಅಷ್ಟು ಬಂಡೆಪ್ಪನಿಗೂ ಗೊತ್ತಿತ್ತು.

“ಬಾಬಾ ಹೋಗಿದ್ದು ಆಕಿಗಿ ಗೊತ್ತಿಲ್ರಿ. ‘ತಬಿಯತ್ ಹ್ಯಾಂಗದ’ ಅಂತ ಕೇಳ್ಯಾಳ,” ಎಂದು ಕರೀಮಾ ಕಾಗದದ ಮಗ್ಗುಲು ತಿರುಗಿಸಿದಳು. “ಅಲ್ಲಿ ಟೋಕಿಯೊದಾಗ ಒಂದು ದಿನದ ಸಂತಿ ಕೂಡ್ತದಂತ. ಚಿತ್ರಕಥಿ ಬರಿಯೋರು ತಾವ ಬರದು, ತಾವ ಅಚ್ಚು ಹಾಕಿಸಿ, ತಾವ ಮೇಜಿನ ಮ್ಯಾಲ ಇಟ್ಟಗೊಂಡು ಕೂಡ್ತಾರ. ಮಂದಿ ಬಂದು ನಿಂತು ಓದ್ತಾರ. ಹಿಡಿಸಿದ್ರ ಒಯ್ತಾರ. ಆದ್ರ ಒಂದು ಕರಾರು. ಇನ್ನೊಬ್ರ ಕಥಿ, ಇನ್ನೊಬ್ರ ಚಿತ್ರ ತರಂಗಿಲ್ಲ. ಎಲ್ಲಾ ಸ್ವಂತದ್ದ ಇರಬೇಕು. ಕಜುಯೋನೂ ಬರೀತಾಳ, ಆಕಿಗಿ ಒಂದು ಮೇಜ ಸಿಕ್ಕದ. ಅದರಾಗ ಅರ್ಧಾ ಬಾಬಾಗ ಬಿಟ್ಟಾಳ.”

“ಗಯಾಸ್ ಭಾಯಿಗಿ? ಯಾವ ಕಥಿ ಇಡ್ತಾರ?”

“ಯಾವ್ದಂದ್ರ? ನಿಮ್ಮಿಬ್ರದು. ಕನ್ನಡಿ ಕಥಿ. ಬಾಬಾ ತಾವ ಆಕಿಗಿ ಬರದಿದ್ರು, ನನ್ನ ಹಂತ್ಯಾಕ ಹಿಂಗೊಂದು ಅದ ಅಂತ.”

ಬಂಡೆಪ್ಪನ ಕೈ ತಾಟಿನಲ್ಲೇ ನಿಂತಿತು. “ನನಗ ಹೇಳಿಲ್ಲಲ್ಲ.”

“ನಿಮಗ ಹ್ಯಾಂಗ ಹೇಳ್ಬೇಕ್ರಿ? ಆ ಕಥಿ ಹೆಸರು ಬಂದ್ರ ಸಾಕು, ಇಬ್ರೂ ಮಳಿ ಬೆಳಿ ಮಾತಿಗಿ ಹೋಗ್ತಿದ್ರಿ.”

ಅದು ನಿಜ. ಎಪ್ಪತ್ತೆರಡರಿಂದ ಅವರಿಬ್ಬರೂ ಆ ಕಥೆಯ ಮಾತೆತ್ತಿರಲಿಲ್ಲ.

ಕಥೆ ಬಂಡೆಪ್ಪನದು, ಚಿತ್ರ ಗಯಾಸುದ್ದೀನನದು. ಮೋರಖಂಡಿ ಎಂಬ ಹಳ್ಳಿಯ ಒಬ್ಬ ಮುದುಕಿ ಮೊಮ್ಮಗಳ ಮದುವೆಗೆಂದು ಹುಮನಾಬಾದ ಬಜಾರಿನಲ್ಲಿ ಆಳೆತ್ತರದ ಕನ್ನಡಿ ಕೊಳ್ಳುತ್ತಾಳೆ. ಕತ್ತೆಯ ಮೇಲೆ ಹೇರಿಕೊಂಡು ಹೊರಡುತ್ತಾಳೆ. ದಾರಿಯಲ್ಲಿ ಎದುರಾದವರೆಲ್ಲ ಅದರಲ್ಲಿ ತಮ್ಮನ್ನು ಕಂಡು ಬೆಚ್ಚುತ್ತಾರೆ. ಒಬ್ಬ ಪೊಲೀಸಿನವನು ತನಗೆ ತಾನೇ ಸಲಾಮು ಹೊಡೆಯುತ್ತಾನೆ. ನೀರು ಕುಡಿಯಲು ಕನ್ನಡಿಯನ್ನು ಬೇವಿನ ಮರಕ್ಕೆ ಆನಿಸಿ ಇಟ್ಟಾಗ ಕತ್ತೆ ಒಳಗೆ ಇನ್ನೊಂದು ಕತ್ತೆಯನ್ನು ನೋಡುತ್ತದೆ. ಅದರ ಬೆನ್ನ ಮೇಲೆ ಹೊರೆ ಇಲ್ಲ. ಅದು ಹೊರಲಿ, ನಾನೇ ಯಾಕೆ ಹೊರಬೇಕು ಎಂದು ಇದು ಹಟ ಹಿಡಿದು ಕೂರುತ್ತದೆ. ಕೊನೆಗೆ ಮುದುಕಿ ಕನ್ನಡಿಯನ್ನು ತಾನೇ ಹೊತ್ತು ಊರು ಮುಟ್ಟುತ್ತಾಳೆ. ಮನೆಯ ಬಾಗಿಲು ಗಿಡ್ಡ. ಬಾಗಿಸುವಾಗ ಕನ್ನಡಿ ಒಡೆಯುತ್ತದೆ. ಊರಿನ ಒಂದೊಂದು ಮನೆಗೆ ಒಂದೊಂದು ಚೂರು ಸಿಗುತ್ತದೆ. ಹದಿನಾರು ದೊಡ್ಡ ಹಾಳೆಗಳು, ಒಂದೊಂದರಲ್ಲಿ ಗೆರೆ ಹಾಕಿದ ನಾಲ್ಕಾರು ಚೌಕ ಖಾನೆಗಳು. ಚಿತ್ರದ ಕೆಳಗೆ ಅಂಟಿಸಿದ ಕನ್ನಡ ಸಾಲುಗಳನ್ನು ಬಂಡೆಪ್ಪ ಪ್ರೆಸ್ಸಿನಲ್ಲಿ ಜೋಡಿಸಿ ಅಚ್ಚು ತೆಗೆದಿದ್ದ.

ಎಪ್ಪತ್ತೆರಡರಲ್ಲಿ ಬಸವಕಲ್ಯಾಣದ ಒಂದು ಶಾಲೆಯ ಹಾಲಿನಲ್ಲಿ ಊರವರ ಕೈಕೆಲಸದ ಪ್ರದರ್ಶನ ನಡೆಯಿತು. ಕಸೂತಿ, ಕೌದಿ, ಬೆಂಕಿಕಡ್ಡಿಯ ಕೋಟೆಗಳ ನಡುವೆ ಇವರಿಗೂ ಒಂದು ಗೋಡೆ ಕೊಟ್ಟರು. ಗಯಾಸುದ್ದೀನ್ ಬೆಳಿಗ್ಗೆಯೇ ಹೋಗಿ ಹಾಳೆಗಳನ್ನು ತೂಗುಹಾಕಿದ. ಜನ ಎಡಗಡೆಯ ಬಾಗಿಲಿನಿಂದ ಒಳಗೆ ಬಂದು ಓದುತ್ತ ಸಾಗಿದರು. ಅರಿವೆ ಅಂಗಡಿಯ ಕಾಶಿರಾಮ ನಡುಹಾಲಿನಲ್ಲಿ ನಿಂತು ಬಿದ್ದು ಬಿದ್ದು ನಕ್ಕ.

“ಏನ್ ಕಥಿ ಮಾರಾಯಾ! ಊರ ಮಂದೆಲ್ಲಾ ಚೂರು ತಂದು ಕೊಟ್ರು, ಕನ್ನಡಿ ಗಚ್ಚನ ಕೂಡ್ತು, ಮುದುಕಿ ಕತ್ತೆ ಮ್ಯಾಲ ಹೇರಿಕೊಂಡು ಹೋಗಿ ಬಜಾರದಾಗ ಮಾರಿ ಬಂದಳು! ಚಲೋ ಧಂಧಾ ಅದ ಬಿಡ್ರಿ!”

ಹಾಲಿಗೆ ಹಾಲೇ ನಕ್ಕಿತು. ಆಗ ಬಂಡೆಪ್ಪನಿಗೆ ಕಂಡಿತು. ಗಯಾಸುದ್ದೀನ್ ಉರ್ದು ಬರೆಯುವ ಕೈಯವನು. ಪ್ರತಿ ಹಾಳೆಯಲ್ಲೂ ಮೊದಲ ಖಾನೆಯನ್ನು ಬಲಗಡೆ ಬರೆದಿದ್ದ, ಕೊನೆಯದನ್ನು ಎಡಗಡೆ. ಹಾಳೆಗಳನ್ನೂ ಬಲದಿಂದ ಎಡಕ್ಕೇ ತೂಗುಹಾಕಿದ್ದ. ಒಂದೊಂದು ಚಿತ್ರದ ಕೆಳಗೆ ಅದರದೇ ಸಾಲನ್ನು ನೋಡಿ ನೋಡಿ ಅಂಟಿಸಿದ ಬಂಡೆಪ್ಪನಿಗೆ ಸಾಲುಗಳೆಲ್ಲ ಸರಿಯಾಗಿಯೇ ಕಂಡಿದ್ದವು. ಎಡದಿಂದ ಓದುವವರಿಗೆ ಇಡೀ ಕಥೆ ಹಿಂದುಮುಂದಾಗುತ್ತದೆ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

ಗಯಾಸುದ್ದೀನನೂ ಎಲ್ಲರ ಜೊತೆ ನಕ್ಕ. ನಗುತ್ತಲೇ ಹಾಳೆಗಳನ್ನು ಇಳಿಸಿ ಸುತ್ತಿದ. “ಗಲತಿ ನಂದ, ಬಂಡೆಪ್ಪಾ. ಕೈ ಆ ಕಡಿಂದನ ಬರ್ತದ, ಏನ್ ಮಾಡ್ಲಿ,” ಎಂದ. ಆಮೇಲೆ ಹದಿಮೂರು ವರ್ಷ ಆ ಸುರುಳಿ ಟ್ರಂಕಿನಲ್ಲಿತ್ತು.

ಈಗ ಕರೀಮಾ ಅದನ್ನು ಹೊರತೆಗೆದು ಚಾಪೆಯ ಮೇಲೆ ಹರಡಿದಳು. ಬಂಡೆಪ್ಪ ನೋಡುತ್ತ ಕೂತ. ನಗು ಕಿವಿಯಲ್ಲಿ ಕೇಳಿಸಿತು, ಆದರೆ ದೂರದಿಂದ, ಬೇರೆ ಯಾರ ಮೇಲೋ ನಕ್ಕ ಹಾಗೆ. ಒಂದೇ ಒಂದು ವಿಷಯ ಅವನಿಗೆ ಸ್ಪಷ್ಟವಾಗಿತ್ತು. ಗಯಾಸುದ್ದೀನನನ್ನು ನೋಡಿ ಇನ್ನೊಮ್ಮೆ ಯಾರೂ ನಗಬಾರದು. ಅದೂ ಪರದೇಶದಲ್ಲಿ, ಎದ್ದು ಬಂದು ಹಾಳೆ ಇಳಿಸಲು ಅವನೇ ಇಲ್ಲದಿರುವಾಗ.

“ನಾ ಇವನ್ನ ಸೀದಾ ಮಾಡ್ಕೊಂಡು ಬರ್ತೀನಿ,” ಎಂದ.

“ಮಾಡ್ರಿ,” ಎಂದಳು ಕರೀಮಾ. ಹಾಳೆಗಳ ಮೇಲೆ ಧೂಳು ಕೂತಿತ್ತು, ಅಂಚುಗಳು ಸುರುಳಿಯಾಗಿದ್ದವು. “ಹತ್ತು ದಿನದಾಗ ಟಪಾಲಿಗಿ ಹಾಕ್ಬೇಕ್ರಿ, ಇಲ್ಲಾಂದ್ರ ಸಂತಿಗಿ ಮುಟ್ಟಂಗಿಲ್ಲ. ಸಾಲುಗಳನ್ನ ನಾ ಉರ್ದುದಾಗ ಬರದು ಕಳಸ್ತೀನಿ, ಕಜುಯೋ ಅಲ್ಲಿ ತಮ್ಮ ಭಾಷಾದಾಗ ಬರದು ಹಚ್ಚತಾಳ.”

“ಭಾಯಿ, ಎಲ್ಲಾ ಒಯ್ಯಬ್ಯಾಡ್ರಿ,” ಎಂದಿತು ಪರದೆ. “ಅರ್ಧಾ ಒಯ್ರಿ. ಅವು ಬಂದ ಮ್ಯಾಲ ಉಳಿದರ್ಧ ಒಯ್ರಿ. ಅವರ ಕೈದು ಏನರೆ ಮನ್ಯಾಗ ಇರ್ಲಿ.”

ಮೊದಲ ಎಂಟು ಹಾಳೆಗಳನ್ನು ಅವನು ಹುಮನಾಬಾದಕ್ಕೆ ಒಯ್ದ.

ಪ್ರೆಸ್ಸಿನಲ್ಲಿ ಕೆಲಸ ಕಡಿಮೆ ಇದ್ದ ದಿನ ನೋಡಿ ಉಕ್ಕಿನ ಪಟ್ಟಿ, ಬ್ಲೇಡು, ದಪ್ಪ ಬಿಳಿ ಹಾಳೆ ಎಲ್ಲ ಹೊಂದಿಸಿಕೊಂಡ. ಹುಳ ಬೀಳಬಾರದೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ ಕುದಿಸಿದ. ಜಗತ್ತಿನಲ್ಲಿ ಉರ್ದು, ಅರಬ್ಬಿ ಬಿಟ್ಟರೆ ಬಲಗಡೆಯಿಂದ ಓದುವವರಿಲ್ಲ ಎಂದು ರಾತ್ರಿಶಾಲೆಯ ಮಾಸ್ತರರು ಹೇಳಿದ್ದರು. ಜಪಾನಿನವರು ಮೇಲಿನಿಂದ ಕೆಳಗೆ ಬರೆಯುತ್ತಾರೆ ಎಂದೂ ಹೇಳಿದ್ದರು. ಮೇಲಿನಿಂದ ಕೆಳಗೆ ಬರೆಯುವವರು ಯಾವ ಕಡೆಯಿಂದ ಶುರುಮಾಡುತ್ತಾರೆ ಎಂದು ಅವರು ಹೇಳಿರಲಿಲ್ಲ, ಇವನು ಕೇಳಿರಲಿಲ್ಲ.

ಮಾಲೀಕ ತುಳಜಾರಾಮ ಎಲೆಅಡಿಕೆ ಜಗಿಯುತ್ತ ಬಂದು ಬೆನ್ನ ಹಿಂದೆ ನಿಂತ. “ಏನ್ ನಡಿಸೀಯೋ?”

“ಖಾನೆ ಕತ್ತರಿಸಿ ಎಡದಿಂದ ಬಲಕ್ಕ ಹಚ್ಚಾಕತ್ತೇನ್ರಿ, ಮಾಲಕ.”

“ಸತ್ತವರ ಕೈಬರಹಕ್ಕ ಬ್ಲೇಡ್ ಹಚ್ಚಾಕತ್ತಿ? ಅವರ ಮನಿಯವರಿಗಿ ಕೇಳೀ?”

“ಸೀದಾ ಮಾಡ್ತೀನಂತ ಹೇಳೇನ್ರಿ.”

“ನಾಳಿ ನಾ ಸತ್ರ ನನ್ನ ಕೈಕಾಲೂ ಬದಲು ಮಾಡಿ ಹಚ್ಚತಿ ನೀ,” ಎಂದು ತುಳಜಾರಾಮ ನಕ್ಕು, ಉಗುಳಲು ಹೊರಗೆ ಹೋದ.

ಬ್ಲೇಡು ಸರಾಗವಾಗಿ ಹೋಯಿತು. ಒಳ್ಳೆಯ ಕಾಗದ. ಬಂಡೆಪ್ಪ ಖಾನೆಗಳನ್ನು ಎತ್ತಿ, ಸ್ಥಳ ಬದಲಿಸಿ, ಪಟ್ಟಿ ಇಟ್ಟು ನೇರ ನೋಡಿ, ಅಂಟಿಸಿ, ಮೇಲೆ ಸೀಸದ ತುಂಡು ಹೇರಿದ. ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಮಾಡಿ ಮುಗಿಸಿ ಎಂಟನ್ನೂ ಸಾಲಾಗಿ ಇಟ್ಟು ನೋಡಿದಾಗ ಒಂದು ಕಂಡಿತು. ಗಯಾಸುದ್ದೀನ್ ಕತ್ತೆಯ ಮುಖವನ್ನು ಎಲ್ಲ ಕಡೆಯೂ ಎಡಕ್ಕೆ ಬರೆದಿದ್ದ. ಖಾನೆಗಳು ಈಗ ಬಲಕ್ಕೆ ಸಾಗುತ್ತಿದ್ದವು, ಕತ್ತೆ ಮಾತ್ರ ಎಡಕ್ಕೇ ನಡೆಯುತ್ತಿತ್ತು. ಮೋರಖಂಡಿಗೆ ಹೊರಟದ್ದು ಪ್ರತಿ ಖಾನೆಯಲ್ಲೂ ಹುಮನಾಬಾದದ ಕಡೆಗೆ ಮುಖ ಮಾಡಿ ನಿಂತಿತ್ತು. ಅವನು ಬಹಳ ಹೊತ್ತು ಅದನ್ನೇ ನೋಡಿದ. ಕತ್ತೆಯನ್ನು ತಿರುಗಿಸುವ ಉಪಾಯ ಇರಲಿಲ್ಲ. ಕಥೆ ಸರಿಯಾಯಿತಲ್ಲ, ಅಷ್ಟು ಸಾಕು ಎಂದುಕೊಂಡ. ಸಾಕೋ ಇಲ್ಲವೋ ಗೊತ್ತಾಗಲಿಲ್ಲ.

ಭಾನುವಾರ ಕಲ್ಯಾಣಕ್ಕೆ ಒಯ್ದು ಚಾಪೆಯ ಮೇಲೆ ಇಟ್ಟ.

ಕರೀಮಾ ಮೊದಲನೆಯದನ್ನು ಎತ್ತಿಕೊಂಡಳು. ಅಂಟಿಸಿದ ಜೋಡಣೆಗಳ ಮೇಲೆ ಬೆರಳಾಡಿಸಿದಳು. ಎರಡನೆಯದನ್ನು ಎತ್ತಿಕೊಂಡಳು.

“ಕತ್ತರಿಸೀರಿ.”

“ಹೂಂನವ್ವಾ. ಸೀದಾ ಮಾಡೇನಿ. ಈಗ ಯಾರೂ ಎಡದಿಂದ...”

“ಧೂಳ ಒರಸಿ ತರ್ತೀರಿ ಅಂತ ತಿಳಕೊಂಡಿದ್ದೆ ನಾ.”

ಅವಳು ಎದ್ದು ರೇಡಿಯೊದ ಮೇಲಿನ ಬಟ್ಟೆಯಡಿಯಿಂದ ಒಂದು ತೆಳು ಪುಸ್ತಕ ತಂದಳು. ಕಜುಯೋ ಬರೆದು ಅಚ್ಚು ಹಾಕಿಸಿ ಕಳಿಸಿದ ಚಿತ್ರಕಥೆ. ಅದು ಅಲ್ಲಿರುವುದನ್ನು ಬಂಡೆಪ್ಪ ಎಷ್ಟೋ ಸಲ ನೋಡಿದ್ದ. ಚಿತ್ರಕಥೆಯ ಮಾತು ಬರಬಾರದೆಂದು ಒಮ್ಮೆಯೂ ಮುಟ್ಟಿರಲಿಲ್ಲ.

“ತೆಗೀರಿ ಇದನ್ನ.”

ಅವನು ತೆಗೆದ. ಒಬ್ಬ ಹುಡುಗಿ ಮಳೆಯಲ್ಲಿ ಬೆನ್ನು ಮಾಡಿ ಹೋಗುತ್ತಿದ್ದಳು.

“ಅದು ಆಖರಿ ಹಾಳಿ, ಕಾಕಾ.” ಅವಳು ಪುಸ್ತಕವನ್ನು ಅವನ ಕೈಯಲ್ಲೇ ಮಗುಚಿದಳು. “ಅವರ ಪುಸ್ತಕಾ ನಮ್ಮ ಕಡಿಂದನ ತೆಗಿತಾವ. ಖಾನೆನೂ ಬಲದಿಂದ ಎಡಕ್ಕ. ಇದು ಬಂದ ದಿವಸ ಬಾಬಾ ಎಷ್ಟು ಖುಷಿಯಾಗಿದ್ರು ಗೊತ್ತದೇನು? ‘ಒಂದು ದೇಶದಾಗರೆ ನಂದು ಸೀದಾ ಅದ’ ಅಂತ ಮನಿತುಂಬ ತಿರಗ್ಯಾಡಿದ್ರು. ಆ ಮ್ಯಾಲನ ಆಕಿಗಿ ಕನ್ನಡಿ ಕಥಿ ಬರದಿದ್ದು.”

ಬಂಡೆಪ್ಪ ಪುಸ್ತಕವನ್ನು ಕೆಳಗಿಟ್ಟ. ಎದೆಯಲ್ಲಿ ಏನಾದರೂ ಆಗಬೇಕಿತ್ತು. ನೆಲದ ಕಲ್ಲು ತಣ್ಣಗಿದೆ ಎಂಬುದು ಮಾತ್ರ ತಿಳಿಯಿತು.

“ಅಂಟು ಬಿಡಸ್ತೀನಿ. ನೀರಾಗ ನೆನಸಿದ್ರ...” ಎಂದು ಹೇಳುತ್ತಲೇ ಬೆರಳನ್ನು ಲೋಟದ ನೀರಿನಲ್ಲಿ ಅದ್ದಿ ಒಂದು ಮೂಲೆಗೆ ಒತ್ತಿದ. ಗಯಾಸುದ್ದೀನ್ ದೀಪದ ಕಾಡಿಗೆಗೆ ಗೋಂದು ಅರೆದು ಮಸಿ ಮಾಡುತ್ತಿದ್ದ, ಕಾತಿಬರ ಮಸಿ. ಕತ್ತೆಯ ಹಿಂಗಾಲು ಕರಗಿ ಬೆರಳಿಗೆ ಬಂತು.

“ಬಿಡ್ರಿ! ಇರೂದು ಅಷ್ಟರೆ ಇರ್ಲಿ!” ಕರೀಮಾ ಹಾಳೆ ಕಿತ್ತುಕೊಂಡಳು. “ಬ್ಲೇಡ್ ಆಯ್ತು, ಈಗ ನೀರು. ಇನ್ನ ಬೆಂಕಿ ಒಂದು ಉಳದದ.”

“ಕರೀಮಾ,” ಎಂದಿತು ಪರದೆ. ಅಷ್ಟೇ. ಕರೀಮಾ ಹಾಳೆಯನ್ನು ಚಾಪೆಯ ಮೇಲೆ ಇಟ್ಟಳು.

“ಕಳಸೂದ ಬ್ಯಾಡ್ರಿ ಭಾಬಿ,” ಎಂದ ಬಂಡೆಪ್ಪ. “ಹಿಂಗ ಅರ್ಧಾ ಅಲ್ಲೊಂದು ಅರ್ಧಾ ಇಲ್ಲೊಂದು ಹೋದ್ರ ಅಲ್ಲೀನೂ ನಗತಾರ. ಕರೀಮಾ ಕಾಗದ ಬರದು ಬಿ‌ಡ್ಲಿ, ಅವರು ಇಲ್ಲ ಅಂತ.”

ಪರದೆ ಕೇಳಿತು. “ಕತ್ತೆ ಕುಂತಗೋತದಲ್ಲ, ಆ ಹಾಳಿ ನಿಮ್ಮ ಹಂತ್ಯಾಕ ಹೋಗಿತ್ತೇನು?”

“ಇಲ್ರಿ. ಅದು ಒಂಬತ್ತನೇದು. ಇಲ್ಲೇ ಅದ.”

“ಹಂಗಾದ್ರ ಇಲ್ಲಿದ್ದ ಎಂಟು ಕಳಸ್ರಿ.”

“ಶುರುವಾತ ಇಲ್ದನ ಹ್ಯಾಂಗ್ರಿ? ಮುದುಕಿ ಯಾರು, ಕನ್ನಡಿ ಎಲ್ಲಿಂದ ಬಂತು...”

“ಮುದುಕಿ ಹಂತ್ಯಾಕ ಕನ್ನಡಿ ಅದ, ಕತ್ತೆ ಹೊರವಲ್ದು. ಅಷ್ಟು ತಿಳದ್ರ ಸಾಕಾತು. ಎಲ್ಲಿ ಕೊಂಡಳು ಅಂತ ಯಾರ್ ಕೇಳ್ತಾರ?” ಪರದೆಯ ಹಿಂದೆ ಬಳೆಯಿಲ್ಲದ ಕೈ ಏನೋ ಸರಿಸಿದ ಸದ್ದಾಯಿತು. “ಮತ್ತ ಕರೀಮಾ, ಬಾಬಾ ಇಲ್ಲ ಅಂತ ಈಗ ಬರೀಬ್ಯಾಡ. ಸಂತಿ ಮುಗೀಲಿ. ಸತ್ತವರು ಬರದಿದ್ದು ಅಂತ ಗೊತ್ತಾದ್ರ ಮಂದಿ ಕತ್ತೆ ನೋಡಿ ನಗಂಗಿಲ್ಲ. ಅವರು ಅದನ್ನ ಬರದಿದ್ದ ನಗ್ಲಿ ಅಂತ.”

ಬಂಡೆಪ್ಪ ತಲೆಯೆತ್ತಿ ಪರದೆಯನ್ನು ನೋಡಿದ. ನೀಲಿ ಗೆರೆಯ ಹಳೆಯ ಚಾದರ, ಮಧ್ಯೆ ಹೊಲಿಗೆ.

ಕರೀಮಾ ಎಂಟು ಹಾಳೆಗಳ ಸಾಲುಗಳನ್ನು ಅಂದೇ ಉರ್ದುವಿನಲ್ಲಿ ಬರೆದಳು. ಬಂಡೆಪ್ಪ ಕನ್ನಡ ಓದಿ ಹೇಳಿದ. ಸೋಮವಾರ ಬಸವಕಲ್ಯಾಣದ ಅಂಚೆ ಕಚೇರಿಯಲ್ಲಿ ಅವನೇ ನಿಂತು ರಜಿಸ್ಟರ್ ಮಾಡಿಸಿದ. ಟಪಾಲಿನವನು ಪೊಟ್ಟಣವನ್ನು ಹಿಂದಿನ ಚೀಲಕ್ಕೆ ಎಸೆದಾಗ ಮಡಚಿತೇನೋ ಎಂದು ಕಿಟಕಿಯಲ್ಲಿ ಇಣುಕಿ ಕೇಳಿದ. “ನಿಮ್ಮ ಜಪಾನಕ್ಕ ಏನೂ ಆಗಿಲ್ಲ, ಹೋಗ್ರಿ,” ಎಂದ ಅವನು.

ಕತ್ತರಿಸಿದ ಎಂಟು ಹಾಳೆಗಳನ್ನು ಅವನು ಹಿಂದಕ್ಕೆ ಒಯ್ದ. ಒಯ್ಯಿರಿ ಎಂದು ಯಾರೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಪ್ರೆಸ್ಸಿನಲ್ಲಿ ಮೊಳೆ ಕೇಸಿನ ಕೆಳಗೆ ಇಟ್ಟ. ದಸರೆ ಹೋಯಿತು, ದೀಪಾವಳಿಯ ಹ್ಯಾಂಡ್‌ಬಿಲ್ಲುಗಳು ಬಂದವು, ಮದುವೆಯ ಸುಗ್ಗಿ ಶುರುವಾಯಿತು. ಸಂತೆಯ ದಿನ ಯಾವುದೆಂದು ಕರೀಮಾ ಹೇಳಿದ್ದಳು. ಅಂದು ಅವನು ಒಂದೇ ಪತ್ರಿಕೆಯಲ್ಲಿ ವಧುವಿನ ತಂದೆಯ ಹೆಸರನ್ನು ಎರಡು ಕಡೆ ಹಾಕಿ ತುಳಜಾರಾಮನಿಂದ ಬೈಸಿಕೊಂಡ. ಅಷ್ಟು ಬಿಟ್ಟರೆ ಬೇರೆ ದಿನದ ಹಾಗೆಯೇ ಇತ್ತು.

ಜನವರಿಯಲ್ಲಿ ಅದೇ ಕಂಡಕ್ಟರ್ ಮತ್ತೆ ಬಾಗಿಲಲ್ಲಿ ಕೂಗಿದ.

ಈ ಸಲ ಹೋಗುವಾಗ ಬಂಡೆಪ್ಪ ಎಂಟು ಹಾಳೆಗಳನ್ನೂ ಚೀಲದಲ್ಲಿ ಹಾಕಿಕೊಂಡ. ಯಾಕೆ ಎಂದು ಸ್ಪಷ್ಟವಿರಲಿಲ್ಲ. ಹಿಂದಕ್ಕೆ ಕೊಟ್ಟುಬಿಡಬೇಕು ಎಂದಿತ್ತು, ಅಷ್ಟೇ.

ಇದ್ದತ್ ಮುಗಿದಿತ್ತು. ಸರ್ವರಿ ಅಂಗಳದಲ್ಲಿ ಮರದ ಮಣೆಯ ಮೇಲೆ ಕೂತು ಸುಟ್ಟ ಎಳೆಜೋಳದ ಸೀತನಿ ತೆನೆ ಉಜ್ಜುತ್ತಿದ್ದಳು. ಅವಳು ಇಷ್ಟು ಸಣ್ಣಗಾಗಿದ್ದಾಳೆಂದು ಪರದೆಯ ಆ ಕಡೆಯ ದನಿಯಿಂದ ಅವನಿಗೆ ತಿಳಿದಿರಲಿಲ್ಲ.

“ಬರ್ರಿ ಭಾಯಿ. ಊಟ ಆಗ್ಯದ ಅಂತ ಮಾತ್ರ ಹೇಳಬ್ಯಾಡ್ರಿ.”

“ಆಗಿಲ್ರಿ.”

“ಖರೆ ಹೇಳೂದು ಕಲತಾರ ಈಗ,” ಎಂದು ಬಿಸಿ ಕಾಳನ್ನು ಅವನ ಬೊಗಸೆಗೆ ಸುರಿದಳು.

ಕರೀಮಾ ಒಂದು ಫೋಟೊ ಕೊಟ್ಟಳು. ದೊಡ್ಡ ಹಾಲು, ಸಾಲು ಸಾಲು ಮೇಜುಗಳು, ಕರಿತಲೆಗಳು. ಮುಂದಿನ ಮೇಜಿನ ಅರ್ಧದಲ್ಲಿ ತೆಳು ಪುಸ್ತಕಗಳು, ಇನ್ನರ್ಧದಲ್ಲಿ ಗಯಾಸುದ್ದೀನನ ಹಾಳೆಗಳು. ಬಲದಿಂದ ಎಡಕ್ಕೆ ಇಟ್ಟಿದ್ದರು. ಒಬ್ಬ ಹೆಂಗಸು ಬಗ್ಗಿ ನೋಡುತ್ತ, ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಪಕ್ಕದ ಗಂಡಸಿನ ಬಾಯಿ ತೆರೆದೇ ಇತ್ತು.

“ನಗಾಕತ್ತಾರ,” ಎಂದ ಬಂಡೆಪ್ಪ.

“ಹೌದ್ರಿ ಕಾಕಾ.”

“ಯಾವ ಹಾಳಿಗಿ?”

“ಕತ್ತೆ ಕುಂತದ್ದಕ್ಕ. ಕಜುಯೋ ಬರದಾಳ, ಅಲ್ಲಿ ಬಂದು ನಿಂತವರೆಲ್ಲಾ ಅದೇ ಹಾಳಿಗಿ ನಕ್ರಂತ. ಸಂಜೀಕ ಆಕಿ ಮ್ಯಾಲೆ ನೋಡೂದ ಬಿಟ್ಟಳಂತ, ನಗು ಕೇಳಿದ್ರ ಸಾಕು, ಯಾವ ಖಾನೆ ಓದಾಕತ್ತಾರಂತ ಗೊತ್ತಾಗ್ತಿತ್ತಂತ.”

ಸರ್ವರಿ ತೆನೆ ಉಜ್ಜುವುದನ್ನು ನಿಲ್ಲಿಸಲಿಲ್ಲ. ಹೊಟ್ಟು ಹಾರಿ ಅವಳ ಬಿಳಿ ಸೆರಗಿನ ಮೇಲೆ ಕೂರುತ್ತಿತ್ತು. ಬಂಡೆಪ್ಪ ಫೋಟೊ ಹಿಡಿದೇ ಇದ್ದ. ಆ ಹೆಂಗಸಿನ ಕಣ್ಣು ಎಲ್ಲಿದೆ ಎಂದು ನೋಡಿದ. ಕತ್ತೆಯ ಮೇಲೇ ಇತ್ತು. ಇನ್ನೊಮ್ಮೆ ನೋಡಿದ, ಖಾತ್ರಿಯಾಗಲೆಂದು.

“ಇನ್ನೊಂದು ಬರದಾಳ,” ಎಂದಳು ಕರೀಮಾ, ಅವನ ಕಡೆ ನೋಡದೆ. “ಭಾಳ ಮಂದಿ ಕೇಳಿದ್ರಂತ, ಈ ಮುದುಕಿ ಯಾರು, ಇಷ್ಟು ದೊಡ್ಡ ಕನ್ನಡಿ ಎಲ್ಲಿಂದ ತಂದಳು ಅಂತ. ‘ಗಯಾಸ್ ಸಾಹೇಬ್, ಮೊದಲಿನ ಹಾಳಿ ಇದ್ರ ಮುಂದಿನ ಸಂತಿಗಿ ಕಳಸ್ರಿ’ ಅಂದಾಳ.”

ಸರ್ವರಿ ಬೂದಿಯಿಂದ ಇನ್ನೊಂದು ತೆನೆ ಎತ್ತಿಕೊಂಡಳು.

“ಎಲ್ಲಿ ಕೊಂಡಳು ಅಂತ ಕೇಳೇ ಕೇಳಿದ್ರಲ್ಲ,” ಎಂದಳು, ತನ್ನಷ್ಟಕ್ಕೇ ಎಂಬಂತೆ.

ಬಂಡೆಪ್ಪ ಚೀಲದಿಂದ ಹಾಳೆಗಳನ್ನು ತೆಗೆದು ಅವಳ ಮುಂದೆ ಇಟ್ಟ. ಅವಳಿಗೆ ಯಾವ ಲಿಪಿಯೂ ಬರುತ್ತಿರಲಿಲ್ಲ. ಕೈ ಒರೆಸಿಕೊಂಡು ಒಂದೊಂದನ್ನೇ ನೋಡಿದಳು. ಕರಗಿದ ಕಾಲಿನ ಕತ್ತೆಯ ಹತ್ತಿರ ಸ್ವಲ್ಪ ನಿಂತಳು.

“ಇಲ್ಲಿ ಮುದುಕಿ ಚೌಕಾಸಿ ಮಾಡ್ತಾಳ. ಅವರು ತಮ್ಮ ಅಮ್ಮಿ ಮಾರಿ ಇಟ್ಟಾರ ಇದಕ್ಕ, ಬಜಾರದಾಗ ಹಂಗ ಜಗಳಾಡ್ತಿದ್ರು ನನ್ನತ್ತಿ,” ಎಂದಳು. ಆಮೇಲೆ, “ಕರೀಮಾ, ಕಾಗದಾ ಕಲಮು ತಗೊಂಡು ಬಾ.”

“ಏನ್ ಬರೀಲಿ ಅಮ್ಮಿ?”

“ಭಾಯಿ ಹೇಳ್ತಾರ. ಹಾಳಿ ಕಳಸಾಕ ಬರೂದಿಲ್ಲ, ಕಥಿ ಹೇಳಾಕ ಬರ್ತದಲ್ಲ? ಹೇಳಿದ್ದು ನೋಡಿ ಕಜುಯೋ ತನ್ನ ಕೈಲೆ ಚಿತ್ರ ಬರಕೊಳ್ಳಿ. ಬಾಬಾ ಹೋಗಿದ್ದು ಕಡೀಗಿ ಬರಿ.”

ಕರೀಮಾ ಚಾಪೆಯ ಮೇಲೆ ಕೂತು ಕಾಗದವನ್ನು ಪುಸ್ತಕದ ಮೇಲೆ ಇಟ್ಟುಕೊಂಡಳು. ಬಂಡೆಪ್ಪ ಮೊದಲ ಹಾಳೆಯನ್ನು ಎಳೆದುಕೊಂಡ. ಅವನ ಬೆರಳು ಬಲಗಡೆಯ ಖಾನೆಗೆ ಹೋಗಿ ನಿಂತಿತು. ಅಲ್ಲಿ ಮುದುಕಿ ಆಗಲೇ ಕತ್ತೆಗೆ ಹಗ್ಗ ಬಿಗಿಯುತ್ತಿದ್ದಳು. ಈ ಎಂಟರಲ್ಲಿ ಮಾತ್ರ ಎಡದಿಂದ ಹೋಗಬೇಕು ಎಂಬುದು ನೆನಪಾಗಿ ಬೆರಳನ್ನು ಆ ಕಡೆಗೆ ಒಯ್ದ. ಪ್ರೂಫು ಓದುವ ದನಿಯೇ ಬಂತು.

“ಹುಮನಾಬಾದ ಬಜಾರದಾಗ ಕೊಂಡಳು ಅಂತ ಬರಿ.”

ಕಲಮು ಕಾಗದದ ಬಲ ಅಂಚಿನಿಂದ ಹೊರಟಿತು. ಅದು ನಿಲ್ಲುವವರೆಗೆ ಅವನು ಕಾದ.

“‘ಅಜ್ಜೀ, ಇಷ್ಟು ದೊಡ್ಡ ಕನ್ನಡಿ ನಿನಗ್ಯಾಕಬೇ’ ಅಂತ ಅಂಗಡಿಯಾಂವ ಕೇಳ್ತಾನ. ಬರದೀ?”

“ಬರದೆ. ಮುಂದ?”